ದೂರ ಇದ್ದಷ್ಟೂ ಧೈರ್ಯ ಜಾಸ್ತಿ

ಬಳ್ಳಾರಿ ಬಿಸಿಲಲ್ಲಿ ಇಡೀ ಮ್ಯಾಚ್ ಆಡಿದರೆ ಯಾರಾದರೂ ಕಪ್ಪಾಗುತ್ತಾರೆ. ಅದಕ್ಕೇ ನಮ್ಮಲ್ಲಿ ಬಣ್ಣಭೇದ ಇಲ್ಲ ಎಂದು ವಗ್ಗಾಣಿ-ಮಿರ್ಚಿ ಅಂಗಡಿ ಮುಂದೆ ಎಂದೋ ತೀರ್ಮಾನವಾಗಿದೆ. ತೀರ್ಮಾನ ಮಾಡಿದವರೇ ಮೈದಾನದ ಕಡೆ ತಿರುಗಿ, ‘ಏ ಕರಿಯಾ, ಯಾರ್ಕರ್ ಹಾಕಲೇ’ ಎಂದು ಕೂಗುತ್ತಾರೆ. ಕೇಳಿದರೆ, ಪ್ರೀತಿಯಿಂದ ಅಂದದ್ದಂತೆ.

ವೆಸ್ಟ್ ಇಂಡೀಸ್‌ನ ಕ್ರಿಕೆಟಿಗ ಡ್ಯಾರೆನ್ ಸಾಮಿಗೂ ಇದೇ ಉತ್ತರ ಸಿಕ್ಕಿತ್ತು. ಐಪಿಎಲ್‌ನ ಸನ್‌ರೈಸರ್ಸ್ ಹೈದರಾಬಾದ್ ತಂಡದಲ್ಲಿದ್ದಾಗ ತಮ್ಮನ್ನು ‘ಕಾಲೂ’, ಅಂದರೆ ಹಿಂದಿಯಲ್ಲಿ ಕರಿಯಾ, ಎನ್ನುತ್ತಿದ್ದರು ಎಂದು ಅವರು 2020ರಲ್ಲಿ ಹೇಳಿದರು. ಆಗ ನಮ್ಮ ಚಾನೆಲ್‌ಗಳು ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕರಿಯ ಜಾರ್ಜ್ ಫ್ಲಾಯ್ಡ್‌ಗಾಗಿ ಗಂಟಲು ಹರಿದುಕೊಳ್ಳುತ್ತಿದ್ದವು. ಆದರೆ ಹೈದರಾಬಾದ್ ತೀರಾ ಹತ್ತಿರ ನೋಡಿ, ದನಿ ಇಳಿಯಿತು. ಆಟಗಾರನೊಬ್ಬ ಸಾಮಿ ಜತೆ ಮಾತಾಡಿ, ಅದು ಪ್ರೀತಿ ಎಂದನಂತೆ. ಫೈಲ್ ಕ್ಲೋಸ್.

2021ರ ಅಕ್ಟೋಬರ್‌ನಲ್ಲಿ ದುಬೈನಲ್ಲಿ ಪಾಕಿಸ್ತಾನದ ಎದುರು ಆಡುವ ಮುಂಚೆ ನಮ್ಮ ಕ್ರಿಕೆಟ್ ತಂಡ ಬಣ್ಣಭೇದದ ವಿರುದ್ಧ ಮಂಡಿಯೂರಿತು. ಸ್ಟುಡಿಯೋದಲ್ಲಿ ಕೂತವರ ಎದೆ ಉಬ್ಬಿತು. ಮ್ಯಾಚ್ ಸೋತ ಮೇಲೆ ಮೊಹಮ್ಮದ್ ಶಮಿಗೆ ಧರ್ಮ ಹಿಡಿದು ಬೈಗುಳದ ಸುರಿಮಳೆ. ಅದೇ ವರ್ಷ ಆಗಸ್ಟ್‌ನಲ್ಲಿ ಮಹಿಳಾ ಹಾಕಿ ತಂಡ ಒಲಿಂಪಿಕ್ಸ್ ಸೆಮಿಫೈನಲ್ ಸೋತಾಗ ಹರಿದ್ವಾರದ ಹತ್ತಿರ ಆಟಗಾರ್ತಿ ವಂದನಾ ಕಟಾರಿಯಾ ಮನೆ ಮುಂದೆ ಪಟಾಕಿ ಹೊಡೆದು, ಜಾತಿ ಹಿಡಿದು ಬೈದರು. ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಹೊಡೆದ ಹುಡುಗಿ ಅವರು! ಅವರಿಗಾಗಿ ಮಂಡಿ ಊರಬೇಕು ಅಂತ ಯಾವ ನಿರೂಪಕನಿಗೂ ಅನ್ನಿಸಲಿಲ್ಲ. ‘ಕ್ರೀಡೆಗೆ ಜಾತಿಯಿಲ್ಲ’ ಎಂದರು, ಜಾಹೀರಾತಿಗೆ ಹೋದರು. ಮುಖ ಬೆಳ್ಳಗಾಗುವ ಕ್ರೀಮೂ ಮಾರಾಟವಾಗಬೇಕಲ್ಲ.

ಕ್ರೀಡೆಗೆ ಇಲ್ಲದ ಜಾತಿಯನ್ನು ಪ್ರೇಕ್ಷಕ ಗೂಗಲ್‌ನಲ್ಲಿ ಹುಡುಕುತ್ತಾನೆ. 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್‌ನ ಸಿಂಧು ಬೆಳ್ಳಿ ಗೆದ್ದಾಗ ಅವರ ಜಾತಿ ಯಾವುದು ಎಂದು ಹುಡುಕಿದವರಲ್ಲಿ ಆಂಧ್ರ, ತೆಲಂಗಾಣದವರೇ ಮುಂದು. ಅದು ಅವರ ಹುಚ್ಚು ಎಂದು ಗಡಿಯ ಈಚೆ ಕೂತು ನಾವು ನಗಬಹುದು. ನಮಗೆ ಗೂಗಲ್ ಯಾಕೆ ಬೇಕು, ಅಡ್ಡಹೆಸರು ಕೇಳಿದರೆ ಸಾಕಲ್ವಾ?

ಇನ್ನು ನಮ್ಮ ಕಡೆಯ ‘ಸಮಾಜದ ಕಪ್’ ಟೂರ್ನಿಗಳು. ಆಯಾ ಸಮಾಜದ ಹುಡುಗರಿಗೆ ಮಾತ್ರ ಪ್ರವೇಶ. ಅನುಮಾನ ಬಂದರೆ ಜಾತಿ ಪ್ರಮಾಣಪತ್ರ ತರಬೇಕು. ಮುಖ್ಯ ಅತಿಥಿ ಟಾಸ್ ಹಾಕಿ, ಅಮೆರಿಕದ ಕರಿಯರ ಹೋರಾಟ ನೆನೆದು, ‘ಆಟದಲ್ಲಿ ಭೇದಭಾವ ಸಲ್ಲದು’ ಎಂದು ಭಾಷಣ ಮಾಡುತ್ತಾರೆ. ಮರುದಿನದ ಪೇಪರಲ್ಲಿ ‘ಕ್ರೀಡೆಯಿಂದ ಐಕ್ಯತೆ’ ಅಂತ ದಪ್ಪಕ್ಷರದ ಹೆಡ್ಡಿಂಗು. ಪಕ್ಕದ ಕೇರಿಯ ಯಾರ್ಕರ್ ಬೌಲರ್‌ಗೂ ಫೋಟೋದಲ್ಲಿ ಜಾಗ ಸಿಕ್ಕಿರುತ್ತದೆ. ಪೆಂಡಾಲ್ ಕಟ್ಟಿದವನು ಅವನೇ.