ಜಪ್ತಿ ಮಾಡಿದ ಬಿಟ್‌ಕಾಯಿನ್: ಕೂಡಲೇ ಹರಾಜು ಹಾಕಬೇಕಾ?

ಟ್ರೇಡಿಂಗ್ ಆಪ್ ನಂಬಿ ದುಡ್ಡು ಕಳೆದುಕೊಂಡವರು, ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿ ಎಫ್‌ಡಿ ಮುರಿಸಿ ಕಳಿಸಿದವರು ಶಿವಮೊಗ್ಗ ಜಿಲ್ಲೆಯಲ್ಲೂ ಇದ್ದಾರೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವ ಹೊತ್ತಿಗೆ ದುಡ್ಡು ಯಾರ್ಯಾರದೋ ಬಾಡಿಗೆ ಖಾತೆ ದಾಟಿ, ಬಿಟ್‌ಕಾಯಿನ್‌ನಂಥ ಕ್ರಿಪ್ಟೊ (ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ನಾಣ್ಯ) ಆಗಿ ದೇಶವನ್ನೇ ಬಿಟ್ಟಿರುತ್ತದೆ. ಅಪರೂಪಕ್ಕೆ ಅದು ಪೊಲೀಸರ ಕೈಗೆ ಸಿಗುವುದೂ ಉಂಟು. ಸಿಕ್ಕಿದ್ದನ್ನು ಏನು ಮಾಡಬೇಕು? ತಕ್ಷಣ ಹರಾಜು ಹಾಕಿ ರೂಪಾಯಿ ಮಾಡಿಬಿಡುವುದಾ, ಕೇಸು ಮುಗಿಯುವವರೆಗೆ ಹಾಗೇ ಇಟ್ಟುಕೊಳ್ಳುವುದಾ?

ಕೋರ್ಟ್ ಎದುರು ಟೀ ಕುಡಿಯುತ್ತಾ ಈ ಮಾತು ತೆಗೆದರೆ ಎರಡೂ ಕಡೆ ಜೋರು ವಾದ ನಡೆಯುತ್ತದೆ. ಎರಡನ್ನೂ ಇಲ್ಲಿ ನಾನೇ ಬರೆದಿದ್ದೇನೆ. ನನ್ನ ಒಲವು ಎತ್ತ ಅನ್ನುವುದನ್ನು ಮುಚ್ಚಿಡಲು ಹೋಗಿಲ್ಲ.

ಪರ: ಮಾರಿ, ರೂಪಾಯಿ ಮಾಡಿ, ಕೋರ್ಟಿಗೆ ಕಟ್ಟಿ

ಮಲೆನಾಡಿನ ಯಾವ ಪೊಲೀಸ್ ಠಾಣೆಯ ಹಿಂದೆ ಬೇಕಾದರೂ ಹೋಗಿ ನೋಡಿ. ಮರಳು ಲಾರಿ, ನಂಬರ್ ಪ್ಲೇಟ್ ಇಲ್ಲದ ಬೈಕು, ನಾಟಾ ಸಾಗಿಸುವಾಗ ಸಿಕ್ಕಿಬಿದ್ದ ಓಮ್ನಿ ಸಾಲಾಗಿ ನಿಂತಿರುತ್ತವೆ. ಎರಡು ಮಳೆಗಾಲ ಕಳೆದರೆ ಟೈರು ಮಣ್ಣಿನಲ್ಲಿ ಹೂತು, ಬಾನೆಟ್ ಮೇಲೆ ಪಾಚಿ ಹಬ್ಬಿ, ಸೀಟಿನ ಸ್ಪಂಜಿನಲ್ಲಿ ಹುಲ್ಲು ಹುಟ್ಟಿರುತ್ತದೆ. ಕೇಸು ಗೆದ್ದು ಬಂದ ಮಾಲೀಕನಿಗೂ ಅದು ಬೇಡ, ಸರ್ಕಾರಕ್ಕೂ ಬೇಡ. ಇಂಥ ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ, ಫೋಟೊ ತೆಗೆದು ದಾಖಲೆ ಮಾಡಿ ಬೇಗ ವಿಲೇವಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್ ಅದಕ್ಕೆ ಗಡುವನ್ನೂ ಹಾಕಿದೆ. ಜಪ್ತಿಯಾದ ಮಾಲಿನ ವಿವರ 14 ದಿನದೊಳಗೆ ಸಿದ್ಧವಾಗಬೇಕು. ಆಮೇಲೆ 30 ದಿನದೊಳಗೆ ವಿಲೇವಾರಿ ಆದೇಶ ಆಗಬೇಕು. ಲಾರಿಗೊಂದು ನ್ಯಾಯ, ಬಿಟ್‌ಕಾಯಿನ್‌ಗೊಂದು ನ್ಯಾಯ ಯಾಕೆ?

ಬಿಟ್‌ಕಾಯಿನ್ ತುಕ್ಕು ಹಿಡಿಯಲ್ಲ, ನಿಜ. ಆದರೆ ಬೆಲೆ ಬೀಳುತ್ತದೆ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್‌ಗೆ ಹತ್ತಿರ ಹತ್ತಿರ 69,000 ಡಾಲರ್ ಇತ್ತು. ಮುಂದಿನ ನವೆಂಬರ್‌ನಲ್ಲಿ 16,000ದ ಆಸುಪಾಸಿಗೆ ಬಂತು. ಆ ವರ್ಷ ಪೊಲೀಸರ ಕೈಯಲ್ಲಿದ್ದ ನಾಣ್ಯದ ಮುಕ್ಕಾಲು ಪಾಲು ಮೌಲ್ಯ ಕಾಗದ ಓಡಾಡುವುದರೊಳಗೆ ಕರಗಿಹೋಯಿತು. ನಷ್ಟ ಯಾರದು? ಸಹಿ ಹಾಕದೆ ಕೂತ ಅಧಿಕಾರಿಯದಂತೂ ಅಲ್ಲ.

ಜರ್ಮನಿಯ ಸ್ಯಾಕ್ಸನಿ ರಾಜ್ಯ ಈ ವಿಚಾರದಲ್ಲಿ ಮುಲಾಜು ನೋಡಲಿಲ್ಲ. ಕದ್ದ ಸಿನಿಮಾ ತೋರಿಸುತ್ತಿದ್ದ ಜಾಲತಾಣವೊಂದರ ಕೇಸಿನಲ್ಲಿ ಅದಕ್ಕೆ ಸುಮಾರು 50,000 ಬಿಟ್‌ಕಾಯಿನ್ ಸಿಕ್ಕಿತ್ತು. 2024ರ ಜೂನ್, ಜುಲೈನಲ್ಲಿ ಕೆಲವೇ ವಾರಗಳಲ್ಲಿ ಅಷ್ಟನ್ನೂ ಮಾರಿ 264 ಕೋಟಿ ಯೂರೋ ತೆಗೆದಿಟ್ಟಿತು. ಕೇಸು ಇನ್ನೂ ಮುಗಿದಿರಲಿಲ್ಲ. ಬೆಲೆ ಶೇ 10ರಷ್ಟು ಬೀಳುವ ಅಪಾಯ ಇದ್ದರೆ ತುರ್ತಾಗಿ ಮಾರಬೇಕು ಅನ್ನುವುದು ಅಲ್ಲಿನ ಕಾನೂನು. ಐದು ತಿಂಗಳಲ್ಲಿ ಬೆಲೆ ಲಕ್ಷ ಡಾಲರ್ ದಾಟಿದಾಗ ಎಲ್ಲರೂ ಬೈದರು. ಬಿದ್ದಿದ್ದರೆ ಅದೇ ಜನ ಭೇಷ್ ಅನ್ನುತ್ತಿದ್ದರು, ಅಲ್ವಾ? ಸರ್ಕಾರದ ಖಜಾನೆ ಇರುವುದು ಸಟ್ಟಾ ಆಡುವುದಕ್ಕಲ್ಲ.

ಇಷ್ಟೆಲ್ಲ ಬೆಲೆಯ ಮಾತಾಯಿತು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಕೀಲಿಯದು.

ನಮ್ಮಲ್ಲಿ ಜಪ್ತಿ ಅಂದರೆ ಏನು ನಡೆಯುತ್ತದೆ? ಇಬ್ಬರು ಪಂಚರನ್ನು ಕೂರಿಸಿಕೊಂಡು ಮಹಜರು ಬರೆಯುತ್ತಾರೆ: ‘ಕಪ್ಪು ಬಣ್ಣದ ಮೊಬೈಲ್ ಒಂದು, ಪರದೆ ಒಡೆದಿದೆ, ಹಿಂಬದಿ ಕವರ್ ಇದೆ.’ ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಸೀಲು ಒತ್ತುತ್ತಾರೆ. ಎಲ್ಲ ಸರಿ. ಆದರೆ ಬಿಟ್‌ಕಾಯಿನ್ ಆ ಮೊಬೈಲಿನಲ್ಲಿ ಇರುವುದೇ ಇಲ್ಲ. ಅದನ್ನು ಅಲುಗಿಸುವುದು 12 ಅಥವಾ 24 ಪದಗಳ ಒಂದು ಸಾಲು, ಅದೇ ಕೀಲಿ. ಆರೋಪಿಯ ತಮ್ಮನೋ, ಜೊತೆಗಾರನೋ ಆ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಮುಗಿಯಿತು. ಮೊಬೈಲ್ ಇಲ್ಲಿ ಮುದ್ದೇಮಾಲು ಕೋಣೆಯಲ್ಲಿ ಭದ್ರ. ದುಡ್ಡು ಅಲ್ಲಿ ದುಬೈಯಲ್ಲಿ ಮಂಗಮಾಯ. ಹಾಗಾಗಿ ಸಿಕ್ಕ ಗಳಿಗೆಯಲ್ಲೇ ನಾಣ್ಯವನ್ನು ಪೊಲೀಸರ ಸ್ವಂತ ವಾಲೆಟ್‌ಗೆ, ಅಂದರೆ ಅವರದೇ ಕೀಲಿ ಇರುವ ಡಿಜಿಟಲ್ ತಿಜೋರಿಗೆ, ಸಾಗಿಸಬೇಕು. ಅಲ್ಲಿಗೆ ಹೊಸ ತಲೆನೋವು ಶುರು. ಈಗ ಆ ಪದಗಳು ಯಾರ ಬಳಿ? ಅವರಿಗೆ ವರ್ಗವಾದರೆ? ನಿವೃತ್ತಿಯಾದರೆ?

ಇದು ಸುಮ್ನೆ ಹೆದರಿಸುವ ಮಾತಲ್ಲ. 2021ರ ಜನವರಿಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಹ್ಯಾಕಿಂಗ್ ಆರೋಪಿಯಿಂದ 31 ಬಿಟ್‌ಕಾಯಿನ್, ಬೆಲೆ ಸುಮಾರು 9 ಕೋಟಿ ರೂಪಾಯಿ, ವಶಪಡಿಸಿಕೊಂಡಿದ್ದೇವೆ ಅಂದರು. ಆಮೇಲೆ ನೋಡಿದರೆ ಅಷ್ಟು ನಾಣ್ಯ ಪೊಲೀಸರ ವಾಲೆಟ್‌ಗೆ ಬಂದೇ ಇರಲಿಲ್ಲ. ಅದರ ಸುತ್ತ ನಡೆದ ರಾಜಕೀಯ ನಿಮಗೆ ನೆನಪಿರಬಹುದು. 2023ರಲ್ಲಿ ವಿಶೇಷ ತನಿಖಾ ತಂಡ ಬಂತು. 2024ರ ಜನವರಿಯಲ್ಲಿ ಅದು ಒಬ್ಬ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಸೈಬರ್ ತಜ್ಞರನ್ನು ಬಂಧಿಸಿತು. ಪುಣೆಯದು ಇನ್ನೊಂದು ಕಥೆ. ಬಿಟ್‌ಕಾಯಿನ್ ವಂಚನೆಯ ತನಿಖೆಗೆ ನೆರವಾಗಲು ಕರೆಸಿಕೊಂಡ ತಜ್ಞರೇ ಆರೋಪಿಗಳ ನಾಣ್ಯವನ್ನು ತಮ್ಮ ಕಡೆ ತಿರುಗಿಸಿಕೊಂಡರು ಅನ್ನುವ ಆರೋಪದ ಮೇಲೆ 2022ರಲ್ಲಿ ಪೊಲೀಸರು ಅವರನ್ನು ಹಿಡಿದರು. ಒಬ್ಬರು ಐಪಿಎಸ್‌ನಲ್ಲಿ ಇದ್ದವರು! ಹಾಗಾದರೆ ಕ್ರಿಪ್ಟೊ ಕೊಂಡು ಮಾರುವ ಎಕ್ಸ್‌ಚೇಂಜ್‌ನಲ್ಲಿ ಇಡೋಣ ಅನ್ನುತ್ತೀರಾ? 2024ರ ಜುಲೈನಲ್ಲಿ ಅಂಥದ್ದೇ ಒಂದಾದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು.

ಕೋರ್ಟಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟ ರೂಪಾಯಿಗೆ ಈ ಯಾವ ರಗಳೆಯೂ ಇಲ್ಲ. ಬಡ್ಡಿ ಬರುತ್ತದೆ, ಲೆಕ್ಕ ಸಿಗುತ್ತದೆ, ಯಾರೋ ಹನ್ನೆರಡು ಪದ ನೆನಪಿಟ್ಟುಕೊಂಡು ಎತ್ತಿಕೊಂಡು ಹೋಗುವ ಭಯ ಇಲ್ಲ.

ತಡ ಮಾಡಿದರೆ ನಗೆಪಾಟಲಿಗೂ ಈಡಾಗಬೇಕಾಗುತ್ತದೆ. ಸ್ವೀಡನ್ನಿನಲ್ಲಿ ಮಾದಕ ವಸ್ತು ಮಾರುವವನೊಬ್ಬನಿಂದ 36 ಬಿಟ್‌ಕಾಯಿನ್ ಜಪ್ತಿಯಾಯಿತು. ಅವನು ಅಕ್ರಮವಾಗಿ ಗಳಿಸಿದ್ದು ಎಷ್ಟು ಅಂತ ತೀರ್ಪಿನಲ್ಲಿ ಅಲ್ಲಿನ ಕ್ರೋನಾ ಲೆಕ್ಕದಲ್ಲಿ ಬರೆದರು. ಮಾರುವ ಹೊತ್ತಿಗೆ ಬೆಲೆ ಎಷ್ಟು ಏರಿತ್ತು ಅಂದರೆ ಮೂರು ನಾಣ್ಯ ಮಾರಿದ್ದೇ ಆ ಮೊತ್ತಕ್ಕೆ ಸಾಕಾಯಿತು. ಉಳಿದ 33 ನಾಣ್ಯ 2021ರಲ್ಲಿ ಅವನಿಗೇ ವಾಪಸ್. ಜೈಲಿನಲ್ಲಿ ಕೂತವನನ್ನು ಸರ್ಕಾರವೇ ಸಾಹುಕಾರ ಮಾಡಿತು. ಮೊದಲೇ ಮಾರಿದ್ದರೆ ಈ ಫಜೀತಿ ಇರುತ್ತಿರಲಿಲ್ಲ.

ನಮ್ಮ ಕಡೆಯ ಕೇಸುಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಇಲ್ಲಿಯವರು ಕಳೆದುಕೊಂಡಿದ್ದು ರೂಪಾಯಿ. ಅಡಿಕೆ ಮಾರಿದ ದುಡ್ಡು, ಪಿಎಫ್ ದುಡ್ಡು, ಮಗಳ ಮದುವೆಗೆ ಇಟ್ಟದ್ದು. ಕಳ್ಳರು ಅದನ್ನು ಹೆಚ್ಚಾಗಿ ಯುಎಸ್‌ಡಿಟಿ ಮಾಡಿಕೊಳ್ಳುತ್ತಾರೆ. ಅದು ಡಾಲರಿಗೆ ಕಟ್ಟಿಹಾಕಿದ ನಾಣ್ಯ, ಇಟ್ಟುಕೊಂಡರೆ ಬೆಳೆಯುವಂಥದ್ದಲ್ಲ. ಮೇಲೆ ಹೇಳಿದ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಸೆಕ್ಷನ್ ಪ್ರಕಾರ ಕೋರ್ಟ್ ಆದೇಶ ಮಾಡಿದರೆ ಜಿಲ್ಲಾಧಿಕಾರಿ ಆ ಆಸ್ತಿಯನ್ನು 60 ದಿನದೊಳಗೆ ಕಳೆದುಕೊಂಡವರಿಗೆ ಹಂಚಬೇಕು. ಹಂಚಬೇಕಾದರೆ ಕೈಯಲ್ಲಿ ರೂಪಾಯಿ ಇರಬೇಕು. ಹೊಸನಗರದ ಅಜ್ಜಿಯೊಬ್ಬರಿಗೆ ವಾಲೆಟ್ ಮಾಡಿಕೊಡಿ ಅನ್ನಲಿಕ್ಕಾಗುತ್ತದಾ ಮಾರಾಯ್ರೆ?

ವಿರೋಧ: ಯಾರ ಮಾಲನ್ನು ಯಾರು ಮಾರುವುದು?

ಶಿವಮೊಗ್ಗ ಎಪಿಎಂಸಿಯಲ್ಲಿ ಅಡಿಕೆ ಟೆಂಡರ್ ನಡೆಯುವುದನ್ನು ನೋಡಿದವರಿಗೆ ಗೊತ್ತು. ವ್ಯಾಪಾರಿಗಳು ಮೂಟೆಯಿಂದ ಹಿಡಿ ಅಡಿಕೆ ತೆಗೆದು, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿ, ರೇಟು ಹಾಕುತ್ತಾರೆ. ಜಾಸ್ತಿ ಹಾಕಿದವರಿಗೆ ಮಾಲು. ಆದರೆ ಕೊನೆಯ ಮಾತು ಬೆಳೆಗಾರನದೇ. ಧಾರಣೆ ಹಿಡಿಸಲಿಲ್ಲವಾ, ‘ಇವತ್ತು ಕೊಡಲ್ಲ’ ಅಂತ ಮೂಟೆ ಉಳಿಸಿಕೊಳ್ಳಬಹುದು. ಧಾರಣೆ ಬರಲಿ ಅಂತ ರಾಶಿ ಇಡಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟುಕೊಂಡವರು ತೀರ್ಥಹಳ್ಳಿ ಕಡೆ ಎಷ್ಟಿಲ್ಲ? 2014ರಲ್ಲಿ ಧಾರಣೆ ಕಂಡಾಪಟ್ಟೆ ಏರಿದಾಗ ಕೆಲವರು ಗೆದ್ದರು. ಇನ್ನೂ ಏರಲಿ ಅಂತ ಕೂತವರು ಆಮೇಲೆ ಸೋತರು. ಗೆಲುವಾಗಲಿ ಸೋಲಾಗಲಿ, ತೀರ್ಮಾನ ಮಾಲಿನ ಯಜಮಾನನದು.

ಜಪ್ತಿಯಾದ ಬಿಟ್‌ಕಾಯಿನ್ ಹರಾಜಿನಲ್ಲಿ ಆ ಯಜಮಾನ ಎಲ್ಲಿ? ಕಳ್ಳನನ್ನು ಬಿಡಿ. ಕಳೆದುಕೊಂಡವನನ್ನು ಯಾರಾದರೂ ಕೇಳಿದರಾ?

ಯುಎಸ್‌ಡಿಟಿ ಆದರೆ ನನ್ನ ತಕರಾರಿಲ್ಲ, ಮಾರಿ. ರೂಪಾಯಿ ಕಳೆದುಕೊಂಡವರಿಗೆ ರೂಪಾಯಿ ಕೊಡಿ. ಆದರೆ ಬಿಟ್‌ಕಾಯಿನ್ ಕೊಟ್ಟು ಬಿಟ್‌ಕಾಯಿನ್ನೇ ಕಳೆದುಕೊಂಡವರೂ ಇದ್ದಾರೆ. ಪುಣೆಯ ಆ ಕೇಸು, ಅಂದರೆ ಗೇನ್‌ಬಿಟ್‌ಕಾಯಿನ್, ಅಂಥದ್ದೇ. ಜನ ನಾಣ್ಯ ಕೊಟ್ಟು ಜಾಸ್ತಿ ನಾಣ್ಯ ಸಿಗುತ್ತದೆ ಅಂತ ನಂಬಿದ್ದರು. ಅವರಿಗೆ ‘ನಿನ್ನ ಬಿಟ್‌ಕಾಯಿನ್‌ಗೆ 2017ರಲ್ಲಿ ಇಷ್ಟಿತ್ತು, ತಗೋ’ ಅಂದರೆ ಅದು ಪರಿಹಾರವಾ?

ಈ ಜಗಳ ಜಪಾನಿನಲ್ಲಿ ನಡೆದು ಹೋಗಿದೆ. ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ 2014ರಲ್ಲಿ ಮುಳುಗಿದಾಗ ದಿವಾಳಿ ಕಾನೂನು ಎಲ್ಲರ ಬಾಕಿಯನ್ನೂ ಆ ದಿನದ ಬೆಲೆಗೆ ಕಟ್ಟಿಹಾಕಿತು. ಒಂದು ನಾಣ್ಯಕ್ಕೆ 500 ಡಾಲರೂ ಇಲ್ಲ. ಬೆಲೆ ಹಲವು ಪಟ್ಟು ಏರಿತು. ಹಾಗೇ ಬಿಟ್ಟಿದ್ದರೆ ಬಾಕಿಯವರಿಗೆ ಚಿಲ್ಲರೆ ಕೊಟ್ಟು, ಉಳಿದದ್ದು ಮುಳುಗಿಸಿದ ಕಂಪನಿಯ ಷೇರುದಾರರಿಗೇ ಹೋಗುತ್ತಿತ್ತು. ಕಳೆದುಕೊಂಡವರು ಬಡಿದಾಡಿ 2018ರಲ್ಲಿ ಪ್ರಕರಣದ ದಾರಿಯನ್ನೇ ಬದಲಿಸಿದರು. 2024ರ ಜುಲೈನಿಂದ ಅವರಿಗೆ ನಾಣ್ಯದ ರೂಪದಲ್ಲೇ ಬರತೊಡಗಿತು. ಕಳೆದುಕೊಂಡದ್ದರಲ್ಲಿ ಒಂದು ಪಾಲು ಮಾತ್ರ, ಆದರೂ ಕೊಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ಬೆಲೆಯದು. 2022ರಲ್ಲಿ ಮುಳುಗಿದ ಇನ್ನೊಂದು ಎಕ್ಸ್‌ಚೇಂಜ್ ಎಫ್‌ಟಿಎಕ್ಸ್‌ನ ಅಮೆರಿಕದ ಕೇಸಿನಲ್ಲಿ ಇದು ಆಗಲಿಲ್ಲ. ಎಲ್ಲರಿಗೂ 2022ರ ನವೆಂಬರ್ ಬೆಲೆ, ಅಂದರೆ ಮೇಲೆ ಹೇಳಿದ ಆ 16,000ದ ಆಸುಪಾಸು. ‘ಪೂರ್ತಿ ದುಡ್ಡು ಕೊಟ್ಟೆವು’ ಅಂತ ಅವರು ಹೇಳಿಕೊಂಡಾಗ ಬಿಟ್‌ಕಾಯಿನ್ ಇಟ್ಟಿದ್ದವರು ಹಲ್ಲು ಕಡಿದರು.

ಬ್ರಿಟನ್ನಿನಲ್ಲಿ ಇನ್ನೂ ದೊಡ್ಡದಿದೆ. ಚೀನಾದ 1,28,000 ಜನರಿಗೆ ಮೋಸ ಮಾಡಿ ಲಂಡನ್ನಿಗೆ ಬಂದ ಹೆಂಗಸಿನ ಕಡೆಯಿಂದ ಅಲ್ಲಿನ ಪೊಲೀಸರು 2018ರಲ್ಲಿ 61,000 ಬಿಟ್‌ಕಾಯಿನ್ ಹಿಡಿದರು. ಅವರು ಮಾರಲಿಲ್ಲ. ಆಕೆ ತಪ್ಪು ಒಪ್ಪಿಕೊಂಡದ್ದು 2025ರಲ್ಲಿ. ಅಷ್ಟರಲ್ಲಿ ಅದು ಐದು ನೂರು ಕೋಟಿ ಪೌಂಡ್ ದಾಟಿತ್ತು. ಬೆಳೆದ ಪಾಲು ಯಾರಿಗೆ ಅನ್ನುವ ಜಗಳ ಹುಟ್ಟಿಕೊಂಡಿದ್ದೇ ನಾಣ್ಯ ಉಳಿದಿತ್ತು ಅಂತ. ಮೊದಲೇ ಹರಾಜಾಗಿದ್ದರೆ ಆ ಲಾಭ ಕೊಂಡವನ ಜೇಬು ಸೇರುತ್ತಿತ್ತು, ಕೇಳುವವರೂ ಇರುತ್ತಿರಲಿಲ್ಲ.

ಕೊಳ್ಳುವವರು ಯಾರು ಅನ್ನುವುದನ್ನೂ ನೋಡಿ. ಅಮೆರಿಕದ ಮಾರ್ಷಲ್ಸ್ ಇಲಾಖೆ 2014ರ ಜೂನ್ 27ರಂದು ಸಿಲ್ಕ್ ರೋಡ್ ಎಂಬ ಆನ್‌ಲೈನ್ ಕಳ್ಳ ಸಂತೆಯ 29,656 ಬಿಟ್‌ಕಾಯಿನ್ ಹರಾಜು ಹಾಕಿತು. ಮೂರು ಮೂರು ಸಾವಿರದ ಲಾಟು ಮಾಡಿದ್ದರು. ಬಿಡ್ ಹಾಕಬೇಕಾದರೆ 2 ಲಕ್ಷ ಡಾಲರ್ ಠೇವಣಿ ಕಟ್ಟಬೇಕಿತ್ತು. ಬಡವರು ಹತ್ತಿರ ಸುಳಿಯಲೂ ಆಗದ ಹರಾಜು. ಅಷ್ಟನ್ನೂ ಟಿಮ್ ಡ್ರೇಪರ್ ಎಂಬ ಒಬ್ಬನೇ ಹೂಡಿಕೆದಾರ ಬಾಚಿಕೊಂಡ. ಆಗಿನ ಮಾರುಕಟ್ಟೆ ಬೆಲೆ ಸುಮಾರು 1 ಕೋಟಿ 80 ಲಕ್ಷ ಡಾಲರ್. ನಾಣ್ಯಕ್ಕೆ ಲಕ್ಷ ಡಾಲರ್ ಆದಾಗ ಅದರ ಬೆಲೆ 296 ಕೋಟಿ ಡಾಲರ್. 2025ರ ಮಾರ್ಚ್‌ನಲ್ಲಿ ಆ ದೇಶವೇ ಮುಟ್ಟುಗೋಲಾದ ಬಿಟ್‌ಕಾಯಿನ್ ಮಾರುವುದಿಲ್ಲ, ಮೀಸಲಾಗಿ ಇಟ್ಟುಕೊಳ್ಳುತ್ತೇವೆ ಅಂತ ಆದೇಶ ಹೊರಡಿಸಿತು. ನಮ್ಮ ಸರ್ಕಾರವೂ ಹಾಗೆ ಕೂಡಿಡಲಿ ಅಂತ ನಾನು ಹೇಳುತ್ತಿಲ್ಲ. ಅದು ಬೇರೆ ಹುಚ್ಚು.

ತೀರ್ಪಿಗೆ ಮೊದಲೇ ಮಾರುವುದರಲ್ಲಿ ಇನ್ನೊಂದು ತೊಡಕಿದೆ. ಆರೋಪಿ ಖುಲಾಸೆ ಆದರೆ? ಲಾರಿ ಮಾರಿದ ಮೇಲೆ ಖುಲಾಸೆ ಆದವನು ಆ ದುಡ್ಡಿನಲ್ಲಿ ಅಂಥದ್ದೇ ಹಳೇ ಲಾರಿ ಕೊಳ್ಳಬಹುದು. ಅಗ್ಗಕ್ಕೆ ಮಾರಿದ ಬಿಟ್‌ಕಾಯಿನ್ ಮತ್ತೆ ಅಷ್ಟಕ್ಕೇ ಸಿಗುವ ಖಾತ್ರಿ ಇಲ್ಲ. ನಮ್ಮ ಕೋರ್ಟುಗಳ ವೇಗ ಗೊತ್ತೇ ಇದೆಯಲ್ಲ.

ಸ್ವೀಡನ್ನಿನ ಕಥೆ ಹೇಳಿ ನಗುವವರು ಒಂದು ಮರೆಯುತ್ತಾರೆ. ಅಲ್ಲಿ ಎಡವಟ್ಟಾದದ್ದು ತಡದಿಂದಲ್ಲ, ಲೆಕ್ಕ ಬರೆದ ರೀತಿಯಿಂದ. ಕ್ರೋನಾ ಬದಲು ‘36 ಬಿಟ್‌ಕಾಯಿನ್ ಮುಟ್ಟುಗೋಲು’ ಅಂತ ಬರೆದಿದ್ದರೆ ಒಂದೂ ವಾಪಸ್ ಹೋಗುತ್ತಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಹಾಗೇ ಆಯಿತು. ನಾಣ್ಯವನ್ನೇ ಮುಟ್ಟುಗೋಲು ಹಾಕಬಹುದು ಅಂತ 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 191 ಬಿಟ್‌ಕಾಯಿನ್ 2021ರಲ್ಲಿ ಮಾರಾಟವಾದಾಗ ಜಪ್ತಿಯ ದಿನದ ಬೆಲೆಗಿಂತ ಸುಮಾರು 45 ಪಟ್ಟು ಬಂತು.

ಕೀಲಿಯ ಭಯ ಮಾತ್ರ ನಿಜವಾದದ್ದು, ಅದನ್ನು ನಾನೂ ತಳ್ಳಿಹಾಕುವುದಿಲ್ಲ. ಐರ್ಲೆಂಡಿನಲ್ಲಿ ಗಾಂಜಾ ಬೆಳೆದವನೊಬ್ಬ 6,000 ಬಿಟ್‌ಕಾಯಿನ್‌ನ ಕೀಲಿಯನ್ನು ಕಾಗದದಲ್ಲಿ ಬರೆದು ಮೀನು ಹಿಡಿಯುವ ಗಾಳದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಅವನು ಜೈಲಿಗೆ ಹೋದ ಮೇಲೆ ಮನೆ ಸಾಮಾನು ಕಸಕ್ಕೆ ಹೋಯಿತು, ಕೀಲಿಯೂ ಹೋಯಿತು. ಜಪ್ತಿಯ ಆದೇಶ ಹಿಡಿದುಕೊಂಡು ಸರ್ಕಾರ ಬಾಗಿಲ ಹೊರಗೆ ನಿಂತಿತು. ಆದರೆ ಬೆಂಗಳೂರು, ಪುಣೆಯಲ್ಲಿ ಎತ್ತಿದ ಆರೋಪ ಕಾವಲು ಕಾಯುವವರ ಮೇಲೆ. ಕಾವಲು ಸರಿ ಇಲ್ಲ ಅಂತ ಮಾಲನ್ನೇ ಮಾರಿಬಿಡಿ ಅನ್ನುವುದು ಯಾವ ನ್ಯಾಯ? ಬೆಂಗಳೂರಿನಲ್ಲಂತೂ ಮಾರೋಣ ಅಂದರೂ ವಾಲೆಟ್‌ನಲ್ಲಿ ಮಾಲಿರಲಿಲ್ಲ. ಒಂದು ನಾಣ್ಯ ಅಲುಗಬೇಕಾದರೆ ಮೂರು ಕೀಲಿಯಲ್ಲಿ ಎರಡು ಬೇಕು ಅನ್ನುವ ವಾಲೆಟ್‌ಗಳು ಹತ್ತು ವರ್ಷಕ್ಕಿಂತ ಹಳೆಯವು. ಒಂದು ಕೀಲಿ ಎಸ್‌ಪಿ ಕಚೇರಿಯಲ್ಲಿ, ಒಂದು ಕೋರ್ಟಿನಲ್ಲಿ, ಇನ್ನೊಂದು ಖಜಾನೆಯಲ್ಲಿ ಇರಲಿ. ಜಿಲ್ಲಾ ಖಜಾನೆಯಲ್ಲಿ ಸ್ಟ್ಯಾಂಪ್ ಪೇಪರ್ ಕಾಯಲು ಆಗುವ ಸರ್ಕಾರಕ್ಕೆ ಇದೇನು ಮಹಾ ಕಷ್ಟ? ವಾಲೆಟ್‌ನ ವಿಳಾಸ ಮಹಜರಿನಲ್ಲೇ ಬರೆದುಬಿಟ್ಟರೆ ಒಳಗೆಷ್ಟಿದೆ ಅಂತ ಸಾಗರದಲ್ಲಿ ಕೂತವನೂ ಮೊಬೈಲಿನಲ್ಲೇ ನೋಡಬಹುದು. ಮುದ್ದೇಮಾಲು ಕೋಣೆಯ ಚಿನ್ನಕ್ಕೆ ಈ ಸೌಲಭ್ಯ ಇಲ್ಲ.

ಮಾರಲೇಬೇಕು ಅಂದರೆ, ಬಿಟ್‌ಕಾಯಿನ್ ಕೊಟ್ಟು ಕಳೆದುಕೊಂಡವರಿಗೆ ಮೊದಲು ನೋಟಿಸು ಕೊಡಿ. ನಾಣ್ಯ ಬೇಕಾ, ರೂಪಾಯಿ ಬೇಕಾ ಅಂತ ಬರಹದಲ್ಲಿ ತಗೊಳ್ಳಿ. ರೂಪಾಯಿ ಬೇಕು ಅಂದವರ ಪಾಲನ್ನು ಅವತ್ತೇ ಮಾರಿ. ನಾಣ್ಯವೇ ಬೇಕು ಅಂದವರ ಪಾಲು ವಾಲೆಟ್‌ನಲ್ಲೇ ಇರಲಿ. ಬೆಲೆ ಬಿದ್ದರೆ ಅದು ಅವರ ಪಾಲಿನ ನಷ್ಟ ಅಂತ ಅದೇ ಕಾಗದದಲ್ಲಿ ಸಹಿ ಹಾಕಿಸಿಕೊಳ್ಳಿ. ಹಂಚಲು ಜಿಲ್ಲಾಧಿಕಾರಿಗೆ ಕಾನೂನು 60 ದಿನ ಕೊಟ್ಟಿದೆ. ಈ ಒಂದು ಪ್ರಶ್ನೆ ಕೇಳಲು ಅದರಲ್ಲಿ ಒಂದು ವಾರ ಸಾಕು.