ಬಾನೆಟ್ ಮೇಲಿನ ಸಂಡಿಗೆ

ಹಳೇ ಜೀಪನ್ನು ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡ್ತೀನಿ ಅಂದರೆ ಜನ ತುಕ್ಕಿನ ಬಗ್ಗೆ ಎಚ್ಚರಿಸುತ್ತಾರೆ. ಪಾರ್ಟು ಸಿಗಲ್ಲ ಅನ್ನುತ್ತಾರೆ. ದುಡ್ಡು ಹೋಗಿದ್ದೇ ಗೊತ್ತಾಗಲ್ಲ ಅನ್ನುತ್ತಾರೆ. ಸಂಡಿಗೆ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ.

ಭಾನುವಾರ ಇಡೀ ದಿನ ಕೂತು ಉಪ್ಪುಕಾಗದದಲ್ಲಿ ಉಜ್ಜಿ ಬಾನೆಟ್ಟಿಗೆ ರೆಡ್ ಆಕ್ಸೈಡ್ ಪ್ರೈಮರ್, ಅಂದರೆ ಪೇಂಟಿಗೆ ಮುಂಚೆ ಬಳಿಯೋ ಕೆಂಪು ಬಣ್ಣ, ಹೊಡೆದಿದ್ದೆ. ನಮ್ಮ ಬಳ್ಳಾರಿ ಬಿಸಿಲಿಗೆ ಪ್ರೈಮರ್ ಒಣಗೋದೇನೂ ತಡವಾಗಲ್ಲ. ಆದರೂ ಗಟ್ಟಿಯಾಗಿ ಕೂರಲಿ ಅಂತ ಬಿಟ್ಟು ಸೋಮವಾರ ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಬಾನೆಟ್ ಮೇಲೆ ಅವ್ವನ ಹಳೇ ಇಳಕಲ್ ಸೀರೆ. ಸೀರೆ ಮೇಲೆ ಸಾಲು ಸಾಲಾಗಿ ಅಕ್ಕಿ ಸಂಡಿಗೆ. ಮೆಲ್ಲಗೆ ಸೀರೆಯ ಒಂದು ತುದಿ ಎತ್ತಿದೆ. ಕೆಂಪು ಪ್ರೈಮರ್ ಮೇಲೆ ಬೆಳ್ಳಗೆ ಗಂಜಿಯ ಗುಂಡು ಗುಂಡು ಕಲೆ. ಕಲೆಯೊಳಗೆ ಸೀರೆಯ ನೇಯ್ಗೆ ಎಳೆ ಎಳೆಯಾಗಿ ಅಚ್ಚೊತ್ತಿತ್ತು. ಒಂದು ಕಡೆ ದಡಿಯ ಗೆರೆಗಳೂ ಚೆನ್ನಾಗಿ ಮೂಡಿದ್ದವು.

"ಅವ್ವಾ, ಇದಕ್ಕೆ ಇನ್ನೂ ಪೇಂಟ್ ಮಾಡೋದೈತೆ!"

"ಪೇಂಟ್ ಆದ ಮ್ಯಾಲೆ ಇಡಾಕೆ ಬಿಡ್ತೀಯೇನು? ಅದಕ್ಕೇ ಈಗ್ಲೇ ಇಟ್ಟೆ."

ಈ ಮಾತಿಗೆ ನಿಮ್ಮ ಹತ್ತಿರ ಉತ್ತರ ಇದ್ದರೆ ದಯವಿಟ್ಟು ಹೇಳಿ, ನನ್ನ ಹತ್ತಿರ ಇಲ್ಲ. ಇಷ್ಟು ಸಾಲದು ಅಂತ, ಅಂಚಿನ ನಾಲ್ಕಾರು ಸಂಡಿಗೆಗೆ ಕೆಂಪು ಹತ್ತಿದೆ ಅಂತ ಬೈಸಿಕೊಂಡವನೂ ನಾನೇ. ನನ್ನ ಜೀಪು ಅವಳ ಸಂಡಿಗೆ ಕೆಡಿಸಿತಂತೆ.

ತಪ್ಪು ಜೀಪಿನದೂ ಇದೆ ಬಿಡಿ. 1953ರಲ್ಲಿ ವಿಲ್ಲಿಸ್ ಕಂಪನಿಯವರು ಸಿಜೆ-3ಬಿ ಅನ್ನೋ ಮಾಡೆಲ್ ತಂದರು. ಅದರೊಳಗೆ ಇಟ್ಟ ಹರಿಕೇನ್ ಎಂಜಿನ್ನು ಹಿಂದಿನದಕ್ಕಿಂತ ಎತ್ತರ. ಗಾಳಿ, ಪೆಟ್ರೋಲು ಒಳಗೆ ಬಿಡೋ ಇನ್‌ಟೇಕ್ ವಾಲ್ವುಗಳನ್ನು ಎಂಜಿನ್ನಿನ ತಲೆ ಮೇಲೆ ಕೂರಿಸಿದ್ದರು. ಹಳೇ ಬಾನೆಟ್ ಮುಚ್ಚೋಕೆ ಬರಲಿಲ್ಲ, ಎತ್ತರಿಸಿದರು. ನಮ್ಮ ಮಹೀಂದ್ರಾದವರೂ ಅದೇ ಎತ್ತರದ ಬಾನೆಟ್ಟನ್ನು ದಶಕಗಟ್ಟಲೆ ಮಾಡಿ ಮಾರಿದರು. ಹೀಗೆ ಅಮೆರಿಕದಲ್ಲಿ ಯಾರೋ ವಾಲ್ವಿಗೋಸ್ಕರ ಎತ್ತರಿಸಿದ ತಗಡು, ಸಮತಟ್ಟಾಗಿ, ಮೊಣಕಾಲು ನೋವಿರುವ ಹೆಂಗಸು ಬಗ್ಗದೆ ಸಂಡಿಗೆ ಇಡೋ ಮಟ್ಟಕ್ಕೆ ಸರಿಯಾಗಿ ಬಂದು ನಿಂತಿದೆ. ಮಾಳಿಗೆ ಹತ್ತೋ ಕೆಲಸ ತಪ್ಪಿತು ಅಂತ ಅವ್ವನಿಗೆ ಖುಷಿ. ಗಾಜಿನ ಫ್ರೇಮಿನಿಂದ ಕರೆಂಟ್ ಕಂಬದವರೆಗೆ ಬಟ್ಟೆ ಒಣಗಿಸೋ ಹಗ್ಗ ಬೇರೆ ಕಟ್ಟಿದ್ದಾಳೆ. ಮುಂದಿನ ಬಂಪರ್ ಮೇಲೆ ಉಪ್ಪಿನಕಾಯಿ ಭರಣಿ ಬಿಸಿಲು ಕಾಯುತ್ತಿರುತ್ತದೆ.

ಈ ಜೀಪು ಸಂಡೂರಿನ ಕಡೆಯದು. ಬಾಗಿಲು ಹಾಕಿದ ಒಂದು ಗಣಿ ಆಫೀಸಿನ ಹಿಂದೆ ಬೇವಿನ ಮರದ ಕೆಳಗೆ ನಿಂತಿತ್ತು. 1972ರ ರಿಜಿಸ್ಟ್ರೇಷನ್ನು, ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿದ್ದಾಗಿನದು. ನಂಬರು ಎಂವೈ ಅಂತ ಶುರುವಾಗುತ್ತದೆ. ತಂದ ದಿನ ಮೈಯೆಲ್ಲ ಅದಿರಿನ ಧೂಳು. ತೊಳೆದರೆ ಕೆಂಪು ನೀರು, ಒರೆಸಿದರೆ ಕೆಂಪು ಬಟ್ಟೆ. ಧೂಳು ಹೋದ ಮೇಲೆ ಅದರ ಕೆಳಗೆ ತುಕ್ಕು. ತುಕ್ಕು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಹೊಡೆದೆ. ಆಮೇಲೆ ಬಾಮೈದ ಫೋನಿನಲ್ಲಿ ಓದಿ ಹೇಳಿದ: ಸಂಡೂರಿನ ಅದಿರು ಐರನ್ ಆಕ್ಸೈಡು, ತುಕ್ಕೂ ಐರನ್ ಆಕ್ಸೈಡು, ಆ ಡಬ್ಬಿಯ ಪ್ರೈಮರಿನಲ್ಲಿ ಇರೋದೂ ಐರನ್ ಆಕ್ಸೈಡೇ ಮಾವ. ಅಂದರೆ ಪುಕ್ಕಟೆ ಸಿಕ್ಕಿದ್ದನ್ನು ಬೆವರು ಸುರಿಸಿ ತೆಗೆದು, ಅದನ್ನೇ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದು ಬಳಿದ ಹಾಗಾಯಿತು. ಇಂಥ ವಿಷಯ ಮುಗಿದ ಮೇಲೇ ಹೇಳುತ್ತಾನೆ ಅವನು.

ಪಾನಾಗಳ ಗೋಳು ಕೇಳಿ. ನಮ್ಮಲ್ಲಿ ಸಿಗೋ ಸೆಟ್ಟೆಲ್ಲ ಎಂಎಂ ಲೆಕ್ಕದ್ದು. ಜೀಪಿನ ನಟ್ಟೆಲ್ಲ ಇಂಚಿನವು. ಅರ್ಧ ಇಂಚು ಅಂದರೆ 12.7 ಎಂಎಂ. ಹನ್ನೆರಡರ ಪಾನಾ ಒಳಗೆ ಹೋಗಲ್ಲ, ಹದಿಮೂರರದು ಹೋಗುತ್ತದೆ, ಆದರೆ ಒಳಗೇ ಒಂಚೂರು ಆಡುತ್ತದೆ. ಆಡಿ ಆಡಿ ನಟ್ಟಿನ ಆರು ಮೂಲೆಗಳನ್ನೂ ಸವೆಸಿ ಗುಂಡಗೆ ಮಾಡುತ್ತದೆ. ಒಂಬತ್ತು ಬೈ ಹದಿನಾರು ಇಂಚು ಅಂತ ಇನ್ನೊಂದು ಸೈಜು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. "ಒಂಬತ್ತು ಕೊಡ್ಲಾ, ಹದಿನಾರು ಕೊಡ್ಲಾ ಸಾರ್?" ಅಂದರು.

ಇನ್ನು ಪೆಟ್ರೋಲು. ಬೇಸಿಗೆಯಲ್ಲಿ ಈ ಎಂಜಿನ್ನು ರಾಯಲ್ ಸರ್ಕಲ್ ದಾಟುವುದರೊಳಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಕೂರುತ್ತದೆ. ಪಂಪು ಬಡಿದುಕೊಳ್ಳುತ್ತಲೇ ಇರುತ್ತದೆ, ಕಾರ್ಬ್ಯುರೇಟರಿಗೆ ಒಂದು ಹನಿ ಬರಲ್ಲ. ಗಡಿಯಾರ ಕಂಬದ ಕೆಳಗೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಜ್ವರ ಬಂದ ಮಗುವಿನ ಪಕ್ಕ ಕೂತ ಹಾಗೆ ಕೂರಬೇಕು. ಹಿಂದೆ ಆಟೋದವರು ಹಾರನ್ ಹೊಡೆಯುತ್ತಲೇ ಇರುತ್ತಾರೆ. ಈಗ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೇರೆ ಬೆರೆಸಿರುತ್ತಾರಲ್ಲ, ಪಂಪಿನೊಳಗಿನ ಹಳೇ ರಬ್ಬರಿಗೆ ಅದು ಸೇರುವುದಿಲ್ಲ. ಮೆತ್ತಗಾಗಿ ಕೈಗೆ ಬಂತು. ಒದ್ದೆ ಬಟ್ಟೆ ಅಡುಗೆಮನೆಯದು, ಅದರ ಜಗಳ ಹೆಂಡತಿ ಜತೆ ಬೇರೆ ನಡೆಯುತ್ತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆದರೆ ಎಡಗಾಲಿಯ ಕಥೆ ಬರೆಯಲೇಬೇಕು.

ಹಿಂದಿನ ಗಾಲಿಗಳ ಬ್ರೇಕ್ ಸಿಲಿಂಡರ್ ಸೋರುತ್ತಿದ್ದವು. ಗಾಲಿ ಬಿಚ್ಚಬೇಕಿತ್ತು. ಬಾಮೈದ ತೋರಣಗಲ್ಲಿನಿಂದ ರಜೆ ಹಾಕಿ ಬಂದಿದ್ದ. ಅಲ್ಲಿ ಸ್ಟೀಲ್ ಫ್ಯಾಕ್ಟರಿಯಲ್ಲಿ ಕೆಲಸ. "ದಿನಾ ಟನ್‌ಗಟ್ಟಲೆ ಕಬ್ಬಿಣ ನೋಡೋನು ನಾನು, ಐದು ನಟ್ಟು ಯಾವ ಲೆಕ್ಕ ಮಾವ, ನೀವು ಸುಮ್ನೆ ಕೂತ್ಕಳ್ಳಿ" ಅಂದ. ಬಲಗಡೆಯ ಐದೂ ನಟ್ಟು ಬಿಚ್ಚಿಯೂ ತೋರಿಸಿದ. ನೀರು ಕುಡಿದು ಎಡಗಡೆಗೆ ಬಂದ.

ಮೊದಲನೇ ನಟ್ಟು ಅಲುಗಲಿಲ್ಲ, ಉಳಿದವೂ ಅಲುಗಲಿಲ್ಲ. ತುಕ್ಕು ಬಿಡಿಸೋ ಎಣ್ಣೆ ಹೊಡೆದ. ಅಲುಗಲಿಲ್ಲ. ಪಾನಾಕ್ಕೆ ನೀರಿನ ಪೈಪು ಸಿಕ್ಕಿಸಿ ಉದ್ದ ಮಾಡಿದ. ಪೈಪು ಬಗ್ಗಿತು. ಲುಂಗಿ ಎತ್ತಿ ಕಟ್ಟಿ ಪೈಪಿನ ಮೇಲೆ ಹತ್ತಿ ನಿಂತ. ನಿಂತರೆ ಸಾಲಲಿಲ್ಲ, ಕುಣಿದ. ಅವನು ಕುಣಿದಾಗಲೆಲ್ಲ ಗಾಡಿ ಪೂರ್ತಿ ಮೇಲೆ ಕೆಳಗೆ ಆಗೋದು, ನಟ್ಟು ಮಾತ್ರ ಇದ್ದಲ್ಲೇ ಇರೋದು. ಗಾಡಿ ಸರಿಯದಂತೆ ಬ್ರೇಕ್ ತುಳಿದುಕೊಂಡಿರಿ ಅಂತ ನನ್ನನ್ನು ಒಳಗೆ ಕೂರಿಸಿದ್ದ. ಬ್ರೇಕ್ ಇಲ್ಲ ಅಂತಲೇ ಈ ಕೆಲಸ ಶುರುವಾಗಿದ್ದು ಅಂತ ಹೇಳಿದೆ. "ಇರಲಿ ಮಾವ, ತುಳೀರಿ" ಅಂದ. ತುಳಿದೆ.

ಅಷ್ಟರಲ್ಲಿ ಓಣಿ ಸೇರಿತು. ಹುಡುಗರು ಅವನ ಕುಣಿತವನ್ನು ಒಂದು, ಎರಡು ಅಂತ ಎಣಿಸತೊಡಗಿದರು. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಗೇಟಿನ ಮೇಲೆ ಕೈಯೂರಿ "ಉಸಿರು ಬಿಗಿ ಹಿಡಿದು ಒತ್ತಪ್ಪಾ" ಅಂತ ನಿರ್ದೇಶನ ಕೊಟ್ಟರು. ಕೌಲ್ ಬಜಾರ್ ಕಡೆಯಿಂದ ಪಂಚರ್ ಅಂಗಡಿ ಹುಡುಗನನ್ನು ಕರೆಸಿದೆವು. ಅವನು ಲಾರಿಗೆ ಹಾಕೋ ಉದ್ದನೆಯ ರಾಡು ತಂದ. ಇಬ್ಬರೂ ಒಟ್ಟಿಗೆ ನೇತಾಡಿದರು. ಒಳಗಿಂದ ಕಟ್ ಅಂತ ಸದ್ದು ಬಂತು. "ಬಂತು, ಬಂತು!" ಅಂತ ಹುಡುಗರು ಕೂಗಿದರು. ಬಂದಿದ್ದು ನಟ್ಟು ಕೂರೋ ಸ್ಟಡ್ಡೇ, ಮುರಿದು. ಹುಡುಗ ಬೆವರು ಒರೆಸಿಕೊಂಡು ತೀರ್ಪು ಕೊಟ್ಟ: "ವೆಲ್ಡಾಗಿಬಿಟ್ಟೈತೆ ಸಾರ್. ಗ್ಯಾಸ್ ಕಟರ್ ಇಡೋದೇ."

ಕಟ್ಟೆ ಮೇಲೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದ ಅವ್ವ ಆಗ ತಲೆ ಎತ್ತಿದಳು.

"ಅದು ಎಡಗಡೆ ಗಾಲಿ ಅಲ್ಲೇನೋ? ಉಲ್ಟಾ ತಿರುವ್ರಿ."

ಬಾಮೈದ ನಕ್ಕ. "ಅತ್ತೇರ, ನಟ್ಟು ಅಂದ್ಮೇಲೆ ಎಲ್ಲಾ ಒಂದೇ ಕಡೆ ತಿರುಗೋದು."

"ಹಂಗಾರ ಕುಣೀರಿ" ಅಂದು ಅವ್ವ ಸೊಪ್ಪಿಗೆ ವಾಪಸಾದಳು.

ಪಂಚರ್ ಹುಡುಗನಿಗೆ ಅನುಮಾನ ಬಂತು. ತಂತಿ ಬ್ರಷ್ಷಿನಿಂದ ಉಳಿದ ಸ್ಟಡ್ಡುಗಳ ತುದಿ ಉಜ್ಜಿದ. ಗ್ರೀಸು, ಕೆಂಪು ಧೂಳು, ಯಾವ ಕಾಲದ್ದೋ ಸುಣ್ಣ ಎಲ್ಲ ಉದುರಿ, ಕಬ್ಬಿಣದ ಮೇಲೆ ಸಣ್ಣದಾಗಿ ಕೊರೆದ ಇಂಗ್ಲಿಷಿನ 'ಎಲ್' ಅಕ್ಷರ ಕಾಣಿಸಿತು. ಹಳೇ ಜೀಪುಗಳಲ್ಲಿ ಎಡಗಡೆ ಗಾಲಿಯ ನಟ್ಟಿಗೆ ಉಲ್ಟಾ ಮರೆ, ಅಂದರೆ ಉಲ್ಟಾ ತಿರುಪು. ಗಾಲಿ ಮುಂದಕ್ಕೆ ಉರುಳುವಾಗ ನಟ್ಟು ಸಡಿಲ ಆಗಬಾರದು ಅಂತ ಹಾಗೆ ಮಾಡುತ್ತಿದ್ದರು. ಅಂದರೆ ನನ್ನ ಬಾಮೈದ ಅಷ್ಟು ಹೊತ್ತೂ ಮೈಮೇಲೆ ಬಂದವರ ಥರ ಕುಣಿದು ಕುಣಿದು ನಟ್ಟನ್ನು ಬಿಗಿ ಮಾಡುತ್ತಿದ್ದ. ಈಗ ಉಲ್ಟಾ ತಿರುಗಿಸಲು ಇನ್ನೂ ಜಾಸ್ತಿ ಕುಣಿಯಬೇಕಾಯಿತು, ಬಿಗಿ ಮಾಡಿದವನೂ ಅವನೇ ಅಲ್ವಾ. ಮೇಷ್ಟ್ರು ಮನೆಯೊಳಗಿಂದ ಕುರ್ಚಿ ತರಿಸಿಕೊಂಡರು. ನಾಲ್ಕೂ ನಟ್ಟು ಕಿರುಚಿಕೊಂಡೇ ಬಂದವು.

"ಅಜ್ಜಿ ಮೆಕಾನಿಕ್ಕಾ ಸಾರ್?" ಅಂತ ಹುಡುಗ ಕೇಳಿದ. ಈಗಲೂ ಅವನು ನಮ್ಮ ಓಣಿಗೆ ಬಂದರೆ ಮೊದಲು ಅವ್ವನಿಗೆ ನಮಸ್ಕಾರ, ಆಮೇಲೆ ನನಗೆ. ಬಾಮೈದನಿಗೆ ಇಲ್ಲ.

ಅವ್ವ ನರ್ಸಾಗಿದ್ದವಳು. ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ಆಸ್ಪತ್ರೆ ಕೆಲಸ. ಆಸ್ಪತ್ರೆಗೆ ಇಂಥದ್ದೇ ಜೀಪು ಇತ್ತಂತೆ. ಮಳೆಗಾಲದಲ್ಲಿ ಎರೆ ಭೂಮಿ ಒಂದು ಹೆಜ್ಜೆ ಬಿಡಲ್ಲ, ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಮಡ್‌ಗಾರ್ಡಿಗೆ ತಾಗುತ್ತದೆ. ಬೇಸಿಗೆಯಲ್ಲಿ ಹಗರಿ ಹೊಳೆಯ ಮರಳು. ತೊಡೆ ಮೇಲೆ ಲಸಿಕೆ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದಳಂತೆ. ಡ್ರೈವರ್ ಸಾಹೇಬರು ಸಣ್ಣ ಗೇರುಗಳೆರಡನ್ನೂ ಹಿಂದೆ ಮುಂದೆ ಮಾಡಿ, ಬಿಸ್ಮಿಲ್ಲಾ ಅಂದು, ನಡಿಗೆಯ ವೇಗದಲ್ಲಿ ಆ ಮರಳು ದಾಟಿಸುತ್ತಿದ್ದರಂತೆ. ಪಂಚರ್ ಆದರೆ ಅವ್ವನೇ ಜ್ಯಾಕು ಹಿಡಿಯೋಳು, ನಟ್ಟುಗಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳೋಳು. ಎಡಗಡೆಯವು ಒಂದು ಗಂಟು, ಬಲಗಡೆಯವು ಒಂದು ಗಂಟು, ಕಲೆಸಿದರೆ ಬೈಗುಳ. ಮಧ್ಯಾಹ್ನ ಎಲ್ಲಾದರೂ ಜಾಲಿಗಿಡದ ನೆರಳಿಗೆ ಗಾಡಿ ನಿಲ್ಲಿಸಿ ಬಾನೆಟ್ ಮೇಲೇ ರೊಟ್ಟಿ ಗಂಟು ಬಿಚ್ಚೋದು. ರೊಟ್ಟಿ ಬೆಚ್ಚಗಿರುತ್ತಿತ್ತಂತೆ.

"ಆ ಸಾಹೇಬ್ರು ಈಗೆಲ್ಲಿದಾರವ್ವಾ?"

"ಯಾರಿಗ್ಗೊತ್ತು. ಜೀಪು ಹರಾಜಾತು, ಅವ್ರು ರಿಟೈರಾದ್ರು. ಆಮ್ಯಾಲೆ ನಮಗೆ ಬಸ್ಸೇ."

ಇಷ್ಟು ಹೇಳಿ ಅವ್ವ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ಎಂವೈ ನಂಬರ್ ಪ್ಲೇಟು ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದೆ. ಅದು ನಿಜ. ಆದರೆ ಮನಸ್ಸು ಕರಗಿ ಬಾನೆಟ್ಟನ್ನು ಬಿಟ್ಟುಕೊಟ್ಟೆ ಅಂತ ಯಾರೂ ತಿಳಿಯಬಾರದು. ಮಾರನೇ ದಿನವೇ ಅಲ್ಲಿ ಹುಣಸೆಹಣ್ಣು ಹರವಿದ್ದಳು. ಕೇಳಿದರೆ "ಹುಳಿಗೆ ತುಕ್ಕು ಬಿಡ್ತದ, ನಿಂಗೇ ಚಲೋ ಅಲ್ಲೇನು" ಅಂದಳು. ಅದೂ ಸುಳ್ಳಲ್ಲ, ಹುಳಿಗೆ ತುಕ್ಕು ಬಿಡುತ್ತದೆ. ಅವಳ ಹತ್ತಿರ ವಾದ ಮಾಡೋಕೆ ಆಗದೇ ಇರೋದು ಇದಕ್ಕೇ.

ಈಗ ಉಳಿದಿರೋದು ಪೇಂಟು ಮತ್ತು ಕಾಗದಪತ್ರ. ಬಣ್ಣದ ಬಗ್ಗೆ ಮನೆಯಲ್ಲಿ ಒಮ್ಮತ ಇಲ್ಲ. ಬಾಮೈದನಿಗೆ ಹೊಳಪಿಲ್ಲದ ಕಪ್ಪು ಬೇಕು. ಬಳ್ಳಾರಿಯಲ್ಲಿ ಕಪ್ಪು ಗಾಡಿಯೊಳಗೆ ಏಪ್ರಿಲ್ಲಿನಲ್ಲಿ ಕೂತು ತೋರಿಸು ಅಂದಿದ್ದೇನೆ. ಕಾಗದದ್ದು ಹೀಗಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತಲೇ ನಿಯಮ ಮಾಡಿತು. 50 ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು. ಹೊಸ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅನ್ನೋ ಅಕ್ಷರ ಸೇರುತ್ತದೆ, ಹತ್ತು ವರ್ಷ ನಡೆಯುತ್ತದೆ. ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ಪೆಟ್ರೋಲು ಹಾಕಿಸಲು ಮತ್ತು ರಿಪೇರಿಗೆ ರಸ್ತೆಗೆ ಇಳಿಸಬಹುದು. ಓದಿ ನನಗೆ ಸಮಾಧಾನವೇ ಆಯಿತು. ಈ ಎರಡು ಕಡೆ ಬಿಟ್ಟರೆ ನಮ್ಮ ಗಾಡಿ ಇದುವರೆಗೆ ಬೇರೆಲ್ಲಿಗೆ ಹೋಗಿದೆ?

ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಅವ್ವನಿಗೆ ಓದಿ ಹೇಳಿದೆ.

"ದುರುಗಮ್ಮನ ಗುಡಿಗೆ ಒಂದ್ಸಲ ಹೋಗಿ ಬರಾಕೂ ಬರಂಗಿಲ್ಲೇನು?"

"ಕಾನೂನಿನಾಗೆ ಇಲ್ಲವ್ವಾ."

ಅವ್ವ ರೊಟ್ಟಿ ಮುರಿದುಕೊಂಡು ಯೋಚನೆ ಮಾಡಿದಳು.

"ಗುಡಿ ದಾರ್‍ಯಾಗೆ ಪೆಟ್ರೋಲ್ ಬಂಕ್ ಇಲ್ಲೇನು?"