ಅಙ್‌ಹರದ್ ಎಂದರೆ ಅಚ್ಚುಮೆಚ್ಚಿನವಳು

‘ಕ ಖ ಗ ಘ ಙ’ ಎಂದು ಬಾಯಿಪಾಠ ಮಾಡಿದ ನಮಗೆ ಆ ಕೊನೆಯ ಅಕ್ಷರ ಎಲ್ಲಿ ಬಳಕೆಗೆ ಬರುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಅದು ಸಿಕ್ಕಿದ್ದು ವೇಲ್ಸಿನ ಕಾರ್ಡಿಫ್‌ನಲ್ಲಿ, ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರ ಹೆಸರಿನಲ್ಲಿ. ಇಂಗ್ಲಿಷ್ ಓದಿನ ರೂಢಿಯಲ್ಲಿ ನಾನು ‘ಆಂಗರಾಡ್’ ಎಂದೆ. ಅವರು ಬೇಸರಿಸದೆ ತಿದ್ದಿದರು: ಅಙ್‌ಹರದ್, ಒತ್ತು ‘ಹ’ದ ಮೇಲೆ. ವೆಲ್ಷ್ ವರ್ಣಮಾಲೆಯ 29 ಅಕ್ಷರಗಳಲ್ಲಿ ಙಕಾರಕ್ಕೆ ಸ್ವಂತ ಸ್ಥಾನವಿದೆ, ಅದೂ ಗಕಾರದ ಬೆನ್ನಿಗೇ.

ಹೆಸರಿನ ಅರ್ಥ ಹುಡುಕಲು ಹೊರಟಾಗ ಮೊದಲು ಎಡವಿದೆ. ವೆಲ್ಷ್‌ನಲ್ಲಿ ‘ಹಪಿಸ್’ ಎಂದರೆ ಸಂತಸದಲ್ಲಿರುವ, ‘ಅನ್‌ಹಪಿಸ್’ ಎಂದರೆ ಅದಿಲ್ಲದ. ನಮ್ಮ ‘ಅನಾದರ’, ‘ಅನಿಷ್ಟ’ಗಳ ‘ಅನ್’ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಹಾಗಿದ್ದರೆ ಈ ಹೆಸರಿಗೆ ‘ಪ್ರೀತಿ ಕಾಣದವಳು’ ಎಂಬ ಅರ್ಥವೇ? ಅಲ್ಲ. ಇಲ್ಲಿರುವ ‘ಅನ್’ ಅರ್ಥವನ್ನು ಅಲ್ಲಗಳೆಯುವುದಿಲ್ಲ, ಗಟ್ಟಿಗೊಳಿಸುತ್ತದೆ. ಮುಂದಿರುವುದು ಪ್ರೀತಿಯ ಧಾತುವಾದ ‘ಕಾರ್’. ಇಲ್ಲಿ ಪ್ರೀತಿಪಾತ್ರರನ್ನು ಕರೆಯುವ ‘ಕರ್ಯದ್’ ಎಂಬ ಮಾತೂ ಅದರಿಂದಲೇ ಬಂದದ್ದು. ಕನ್ನಡದಲ್ಲಿ ಹೇಳಬೇಕೆಂದರೆ ಅಚ್ಚುಮೆಚ್ಚಿನವಳು.

ಆದರೆ ಕಕಾರ ಎಲ್ಲಿ ಹೋಯಿತು? ‘ಅನ್’ ಎದುರಾದಾಗ ಅದು ‘ಙ್‌ಹ’ ಆಗುತ್ತದೆ. ಕಾರ್ಡಿಫ್‌ನ ವೆಲ್ಷ್ ಹೆಸರು ‘ಕೈರ್‌ದೀದ್’. ‘ಕಾರ್ಡಿಫ್‌ನಲ್ಲಿ’ ಎನ್ನುವಾಗ ಆ ಊರಿನ ಕಕಾರಕ್ಕೂ ಇದೇ ಮಾರ್ಪಾಡು. ಬೇರೆ ಕಡೆಗಳಲ್ಲಿ ಕ, ತ, ಪ ಸರಿದು ಗ, ದ, ಬ ಬರುತ್ತವೆ. ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂದು ಆದೇಶ ಸಂಧಿ ಕಲಿತವರಿಗೆ ಇದರಲ್ಲಿ ಅಚ್ಚರಿಯೇನು! ನಮ್ಮ ಭಾಷೆಗೂ ಇವರದಕ್ಕೂ ನಂಟಿಲ್ಲ ಎಂಬುದು ಗೊತ್ತು. ಆದರೂ ಆ ದಿನ ಮನೆಗೆ ಬರುವಾಗ ದಾರಿಯುದ್ದಕ್ಕೂ ‘ಮೆಲ್ವಾತು’ ಎಂದು ಹೇಳಿಕೊಳ್ಳುತ್ತಾ ನಡೆದೆ. ಮಾತು ‘ವಾತು’ ಆದಂತೆಯೇ, ಮಗಳು ಎಂಬ ಅರ್ಥದ ‘ಮೆರ್ಖ್’ ಇಲ್ಲಿ ‘ವೆರ್ಖ್’ ಆಗುತ್ತದೆ.

ಆ ‘ವೆರ್ಖ್’ ಹಳೆಯ ಹೆಸರುಗಳಲ್ಲೆಲ್ಲ ಇದೆ. 12ನೆಯ ಶತಮಾನದ ಗ್ವಿನೆದ್ ರಾಜ್ಯದ ರಾಣಿ ಅಙ್‌ಹರದ್ ವೆರ್ಖ್ ಓವೈನ್, ಅಂದರೆ ಓವೈನ್‌ನ ಮಗಳು. ಗಂಡುಮಕ್ಕಳಿಗೆ ‘ಅಪ್’. ತಂದೆಯ ಹೆಸರೇ ಗುರುತಾಗಿತ್ತು, ಮನೆತನದ ಹೆಸರು ಇರಲಿಲ್ಲ. 1536ರ ಬಳಿಕ ಇಂಗ್ಲೆಂಡಿನ ಕಾನೂನು ಬಂದು ಸ್ಥಿರವಾದ ಉಪನಾಮಗಳು ಹರಡಿದವು. ‘ಅಪ್ ರೀಸ್’ ಪ್ರೈಸ್ ಆಯಿತು, ‘ಅಪ್ ಹವೆಲ್’ ಪವೆಲ್ ಆಯಿತು. ಇನಿಷಿಯಲ್‌ನಲ್ಲಿ ಅಡಗಿದ್ದ ಅಪ್ಪನ ಹೆಸರನ್ನು ಪಾಸ್‌ಪೋರ್ಟಿಗಾಗಿ ಬಿಡಿಸಿ ಉಪನಾಮದ ಜಾಗದಲ್ಲಿ ಬರೆದುಕೊಟ್ಟ ನನಗೆ ಈ ಕಥೆ ದೂರದ್ದಲ್ಲ.

2021ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ಶೇ 17.8 ಮಾತ್ರ. ಹಿಂದೆ ಶಾಲೆಯಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ಹಲಗೆ ಕಟ್ಟಿ ಅವಮಾನಿಸುತ್ತಿದ್ದರು. ಅಷ್ಟಾದರೂ ಇವರು ಮಕ್ಕಳಿಗೆ ಇಂತಹ ಹೆಸರುಗಳನ್ನು ಇಡುವುದನ್ನು ಬಿಟ್ಟಿಲ್ಲ. ಹೊರನಾಡಿನ ನಾವೋ, ಇಂಗ್ಲಿಷ್ ನಾಲಿಗೆಗೆ ಕಷ್ಟವಾಗದ ಎರಡಕ್ಷರ ಹುಡುಕುತ್ತೇವೆ. ಇದು ನನಗೆ ಒಪ್ಪಿಗೆಯಿಲ್ಲ. ನನ್ನ ಮಗಳ ಹೆಸರಿನಲ್ಲಿ ಳಕಾರವಿದೆ. ‘ಸುಲಭದ್ದು ಇಡಬಾರದಿತ್ತೇ?’ ಎಂದು ನಮ್ಮವರೇ ಕೇಳಿದರು. ಅಙ್‌ಹರದ್ ಅವರು ಹಾಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿ ಎಂದರು, ನಾಲಿಗೆ ಮಡಚಿ ನೋಡಿದರು, ಮರುದಿನ ಮತ್ತೆ ಕೇಳಿದರು. ನಾಲ್ಕನೆಯ ದಿನ ಸರಿಯಾಗಿ ಹೇಳಿದರು.